ಕಣಿವೆಯ ಬಾಯಲ್ಲಿ ನೀರು ಕೊಟ್ಟವಳು

ಪಾರ್ಸೆಲ್ಲನ್ನು ಬಿಚ್ಚಬಾರದು ಎಂದುಕೊಳ್ಳುತ್ತಲೇ ಅವಳು ಅದರ ದಾರವನ್ನು ಕತ್ತರಿಸಿದಳು. ದಾರ ಕತ್ತರಿಸುವುದೂ ಪಾರ್ಸೆಲ್ ಬಿಚ್ಚುವುದೂ ಒಂದೇ ಅಲ್ಲವಲ್ಲ, ಕತ್ತರಿಸಿ ಹಾಗೇ ಇಟ್ಟರಾಯಿತು, ಗ್ರಂಥಪಾಲಕರು ಬಂದು ಬಿಚ್ಚಿಕೊಳ್ಳಲಿ ಎಂದು ತನಗೆ ತಾನೇ ಹೇಳಿಕೊಳ್ಳುವಷ್ಟರಲ್ಲಿ ಕಂದು ಕಾಗದ ತಾನಾಗಿ ಬಾಯಿ ಬಿಟ್ಟಿತ್ತು. ಒಳಗೆ ಅದೇ ಪುಸ್ತಕ. ಅದೇ ಬೂದು ರಟ್ಟು, ರಟ್ಟಿನ ಮೇಲೆ ಅದೇ ಒಂದೇ ಗೆರೆಯ ಬೆಟ್ಟಸಾಲು. ಬೇರೆ ಊರಿನ ಗ್ರಂಥಾಲಯದ ಮುದ್ರೆಯೊಂದನ್ನು ಬಿಟ್ಟರೆ ಇಲ್ಲಿಯ ಪ್ರತಿಗೂ ಇದಕ್ಕೂ ವ್ಯತ್ಯಾಸ ಹೇಳುವುದು ಯಾರಿಂದಲೂ ಆಗದು, ಅವಳನ್ನು ಬಿಟ್ಟು. ಹೆಬ್ಬೆರಳು ತೋರುಬೆರಳ ನಡುವೆ ಬೆನ್ನನ್ನು ಹಿಡಿದ ಕೂಡಲೇ ಗೊತ್ತಾಯಿತು, ಇದು ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪ. ಆ ಕೂದಲೆಳೆ ಎಂದರೆ ಹದಿನಾರು ಪುಟ. ಒಂದು ಫಾರಂ.

ಬೈಂಡಿಂಗ್ ಕೋಣೆ ಗ್ರಂಥಾಲಯದ ಹಿಂಬದಿಯಲ್ಲಿತ್ತು. ಒಂದೇ ಕಿಟಕಿ, ಅದರಾಚೆ ಸೈಕಲ್ಲು ನಿಲ್ಲಿಸುವ ಜಾಗ, ಒಂದು ನಲ್ಲಿ, ನಲ್ಲಿಯ ಕೆಳಗೆ ಯಾವತ್ತೂ ಒಣಗದ ಒಂದು ಮೂಲೆ. ಒಲೆಯ ಮೇಲೆ ಗೋಂದಿನ ಪಾತ್ರೆ ಆಗತಾನೆ ಗುಳ್ಳೆ ಬಿಡಲು ಶುರುಮಾಡಿತ್ತು. ಎದುರಿನ ಮೇಜಿನಲ್ಲಿ ಮೇಷ್ಟ್ರು ಒಂದು ಹಳೇ ನಿಘಂಟಿನ ಬೆನ್ನು ಕೆರೆಯುತ್ತಿದ್ದರು. ಬೈಂಡಿಂಗ್ ಕಲಿಸಿದವರಾದ್ದರಿಂದ ಮೇಷ್ಟ್ರು. ಅವಳ ಬೆರಳಿಗೆ ಯಾವಾಗಲೂ ಅಂಟು ಮೆತ್ತಿರುತ್ತದೆಂದು ಅವರು ಅವಳನ್ನು ಗೋಂದು ಎಂದೇ ಕರೆಯುತ್ತಿದ್ದರು. ಆರು ವರ್ಷದಲ್ಲಿ ಅವರು ಕಲಿಸಿದ್ದು ಬಹಳ, ಒತ್ತಿ ಹೇಳಿದ್ದು ಮಾತ್ರ ಒಂದೇ. ಪುಸ್ತಕ ಎಂದರೆ ಹಾಳೆಯಲ್ಲ, ಫಾರಂ. ದೊಡ್ಡ ಹಾಳೆಯೊಂದನ್ನು ಮಡಚಿ ಮಡಚಿ ಹದಿನಾರು ಪುಟವಾಗುತ್ತದೆ. ಪ್ರತಿ ಫಾರಮಿನ ಮೊದಲ ಪುಟದ ಕಾಲಬುಡದಲ್ಲಿ ಇರುವೆಯಂಥ ಒಂದು ಅಂಕಿ ಇರುತ್ತದೆ. ಹೊಲಿಯುವ ಮುಂಚೆ ಆ ಅಂಕಿಗಳನ್ನು ಒಂದರಿಂದ ಕೊನೆಯವರೆಗೆ ಎಣಿಸಬೇಕು. ಓದಬಾರದು, ಎಣಿಸಬೇಕು. ಓದುವವಳಿಗೆ ಎಣಿಕೆ ತಪ್ಪುತ್ತದೆ ಎಂದು ಅವರು ಮೊದಲ ದಿನವೇ ಹೇಳಿದ್ದರು. ಹೇಳಿದ್ದು ತನ್ನನ್ನೇ ನೋಡಿಕೊಂಡು ಎಂದು ಅವಳಿಗೆ ಈಗ ಅನ್ನಿಸುತ್ತದೆ.

ಅವಳು ಓದಿದ್ದಳು. ಹೋದ ವರ್ಷ ಈ ಬೂದು ಪುಸ್ತಕ ಬೆನ್ನು ಮುರಿದುಕೊಂಡು ಬಂದಾಗ, ಒಬ್ಬನೇ ಒಬ್ಬ ಮನುಷ್ಯ ಒಂದು ಬೆಟ್ಟಸಾಲನ್ನು ದಾಟಲೆಂದು ಎರಡು ತಿಂಗಳು ನಡೆದ ಆ ನಿಜವಾದ ಕಥೆಯನ್ನು ಫಾರಮಿನಿಂದ ಫಾರಮಿಗೆ, ಸೂಜಿ ಕೈಯಲ್ಲಿ ಹಿಡಿದುಕೊಂಡೇ ಓದಿದ್ದಳು. ಅವನ ಕಾಲಿನ ಬೊಕ್ಕೆ ಒಡೆದ ಕಡೆ ಇವಳು ತನ್ನ ಪಾದವನ್ನು ಸ್ಟೂಲಿನ ಕೆಳಗೆ ಎಳೆದುಕೊಂಡಿದ್ದಳು. ಹೊಲಿದು, ರಟ್ಟು ಹಾಕಿ, ಒತ್ತುಯಂತ್ರದಲ್ಲಿಟ್ಟು, ಮಾರನೆಯ ದಿನ ತೆಗೆದು ಕೊನೆಗೆ ಬಂದಾಗ ಅಲ್ಲಿದ್ದ ಸಾಲು: ‘ಬೆಳಿಗ್ಗೆ ಕಣಿವೆಯ ಬಾಯಿಗೆ ಬಂದಾಗ ಕಂಡದ್ದೇನೆಂದರೆ’. ಅಷ್ಟೇ. ಆಮೇಲೆ ಅವಳೇ ಅಂಟಿಸಿದ ಬಿಳೀ ಹಾಳೆ. ಕೊನೆಯ ಫಾರಂ ಎಲ್ಲಿ ಹೋಯಿತೆಂದು ಹುಡುಕಬೇಕಾಗಿರಲಿಲ್ಲ. ಗೋಂದು ಹಚ್ಚುವಾಗ ಮೇಜು ಕೆಡದಿರಲೆಂದು ಕೆಳಗೆ ಹಾಸಿಕೊಳ್ಳುವ ರದ್ದಿಯ ಜೊತೆ ಅದನ್ನೂ ಹಾಸಿಕೊಂಡಿದ್ದಳು. ಅದರ ಮೇಲೇ ಕುಂಚ ಎಳೆದು, ಮುದ್ದೆ ಮಾಡಿ ಬುಟ್ಟಿಗೆ ಎಸೆದಿದ್ದಳು. ಬುಟ್ಟಿ ಬೆಳಿಗ್ಗೆಯೇ ಖಾಲಿಯಾಗಿತ್ತು. ಮೇಷ್ಟ್ರು ಅಭ್ಯಾಸದಂತೆ ಎಣಿಸಿದ್ಯಾ ಎಂದು ಕೇಳಿದರು. ಹ್ಞೂಂ ಅಂದಳು.

ಅಲ್ಲಿಗೆ ನಿಲ್ಲಿಸಿದ್ದರೆ ಅದೊಂದು ಸಣ್ಣ ಸುಳ್ಳಾಗಿ ಸತ್ತುಹೋಗುತ್ತಿತ್ತು. ಆದರೆ ಅವತ್ತು ಶನಿವಾರ. ಶನಿವಾರ ನಾಲ್ಕು ಗಂಟೆಗೆ ಓದುವ ಕೋಣೆಯಲ್ಲಿ ಒಂಬತ್ತು ಜನ ಸೇರುತ್ತಾರೆ. ನಡೆದದ್ದನ್ನು ನಡೆದವರೇ ಬರೆದ ಪ್ರಯಾಣದ, ಸಾಹಸದ ಪುಸ್ತಕಗಳಷ್ಟೇ ಆ ಕೂಟಕ್ಕೆ ಬರಬಹುದು, ಕಟ್ಟುಕಥೆಗೆ ಪ್ರವೇಶವಿಲ್ಲ. ಶಿಫಾರಸು ಮಾಡುವವರು ರಟ್ಟಿನ ಮೇಲೆ ಅಂಗೈ ಇಟ್ಟು ಐದು ನಿಮಿಷ ಮಾತಾಡಬೇಕು, ಕೊನೆಯ ಪುಟದವರೆಗೆ ಓದಿರಲೇಬೇಕು. ಪುಸ್ತಕ ಒಯ್ದವರು ವಾಪಸು ತಂದಾಗ, ಅದು ತಮ್ಮನ್ನು ಎಲ್ಲಿ ಬಿಟ್ಟಿತು ಎಂದು ಒಂದೇ ವಾಕ್ಯದಲ್ಲಿ ಹೇಳಬೇಕು. ಗಡಿಯಾರ ರಿಪೇರಿಯವರು ಹೊತ್ತು ನೋಡಿಕೊಳ್ಳುತ್ತಾರೆ. ಹಿಮದ ದೇಶದ ಪುಸ್ತಕವೊಂದನ್ನು ವಾಪಸು ಕೊಡುತ್ತಾ ಅವರು, ನನ್ನನ್ನ ಮಂಜುಗಡ್ಡೆ ಮೇಲೇ ಬಿಟ್ಟುಹೋಯ್ತು ಮಾರಾಯ್ರೇ, ಇನ್ನೂ ಮೂಗು ಸೋರ್ತಾ ಇದೆ ಎಂದಿದ್ದರು. ಅವರೇ ಇನ್ನೊಮ್ಮೆ ಅವಳನ್ನು, ಇಷ್ಟೊಂದು ದೇಶದ ವಿಷಯ ಹೇಳ್ತೀಯಲ್ಲ ಮಗಾ, ನೀನು ಎಲ್ಲೀವರೆಗೆ ಹೋಗಿದ್ದೀಯ ಎಂದು ಕೇಳಿದ್ದರು. ಒಂಬತ್ತನೇ ನಂಬರ್ ಬಸ್ಸಿನ ಕೊನೇ ಸ್ಟಾಪಿನವರೆಗೆ ಎಂದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮನೆಗೆ ಬಂದು ಕೈಕಾಲು ತೊಳೆಯುವಾಗಲೂ ಆ ನಗು ಮುಖದ ಮೇಲೆ ಹಾಗೇ ಇತ್ತು, ಒಣಗಿದ ಗೋಂದಿನ ಹಾಗೆ, ಎಳೆದರೆ ಚರ್ಮ ನೋಯುವಂತೆ.

ಆ ಶನಿವಾರ ಅವಳು ಬೂದು ಪುಸ್ತಕದ ಮೇಲೆ ಅಂಗೈ ಇಟ್ಟು ಮಾತಾಡಿದಳು. ಚೆನ್ನಾಗಿಯೇ ಮಾತಾಡಿದಳು. ಕಣಿವೆಯ ಬಾಯಿಯವರೆಗೆ ಬಂದು ಒಂದು ಕ್ಷಣ ನಿಂತಳು, ಆಮೇಲೆ ಬಾಯಿಗೆ ಅಜ್ಜಿಯ ದನಿ ಬಂದುಬಿಟ್ಟಿತು. ಅಜ್ಜಿಯ ಎಲ್ಲ ಕಥೆಯಲ್ಲೂ ಹೊರಟವನು ಸೋತು ಬೀಳುವ ಹೊತ್ತಿಗೆ ದಾರಿ ಎರಡಾಗುವ ಕಡೆ ಒಬ್ಬ ಹೆಂಗಸು ಕೂತಿರುತ್ತಾಳೆ. ನೀರು ಕೊಡುತ್ತಾಳೆ, ಹೀಗೆ ಹೋಗಪ್ಪಾ ಎಂದು ಕೈ ತೋರಿಸುತ್ತಾಳೆ. ರಾಜಕುಮಾರನಾದರೂ ಅಷ್ಟೇ, ಕಳ್ಳನಾದರೂ ಅಷ್ಟೇ. ಅಜ್ಜಿಯ ಮಗ್ಗುಲಲ್ಲಿ ಮಲಗಿ ಒಮ್ಮೆ ಕೇಳಿದ್ದಳು, ಆ ಹೆಂಗಸು ಎಲ್ಲಿಗೆ ಹೋಗ್ತಾಳೆ ಅಜ್ಜೀ ಎಂದು. ಅವಳೆಲ್ಲಿಗೆ ಹೋಗ್ತಾಳೆ ಕಣೇ, ಅವಳೂ ಹೊರಟುಬಿಟ್ಟರೆ ನೀರು ಕೊಡೋರು ಯಾರು ಎಂದು ಅಜ್ಜಿ ಅವಳ ಕಿವಿ ಹಿಂಡಿ, ಕಥೆ ಮುಂದುವರಿಸಿದ್ದಳು. ಕಥೆ ಮುಂದೆ ಹೋಯಿತು; ಹುಡುಗಿ ಮಾತ್ರ ಬಹಳ ಹೊತ್ತು ಆ ಹೆಂಗಸಿನ ಹತ್ತಿರವೇ ಉಳಿದಳು. ಹಾಗಾಗಿ, ಕಣಿವೆಯ ಬಾಯಲ್ಲಿ ಅವನಿಗೆ ಒಬ್ಬ ಹೆಂಗಸು ಸಿಗ್ತಾಳೆ, ನೀರು ಕೊಡ್ತಾಳೆ ಎಂದು ಕೂಟದ ಮುಂದೆ ಹೇಳಿದಾಗ ಅದು ಸುಳ್ಳೆಂದು ಅವಳಿಗೆ ಅನ್ನಿಸಲೇ ಇಲ್ಲ. ಒಬ್ಬಳೇ, ಕಾಲಿಗೆ ಗಂಡಸರ ಬೂಟು, ಲೇಸಿನ ಬದಲು ಸಣಬಿನ ಹುರಿ. ಆ ಬೂಟು ಎಲ್ಲಿಂದ ಬಂತೋ. ಬಾಯಿಗೆ ಬಂತು, ಹೇಳಿದಳು.

ಕಿಟಕಿಯ ಪಕ್ಕದ ಕುರ್ಚಿಯಿಂದ ಟೈಪಿಸ್ಟಮ್ಮ ಎದ್ದು ನಿಂತಿದ್ದರು. ಕಚೇರಿಯೊಂದರಲ್ಲಿ ಮೂವತ್ತೆರಡು ವರ್ಷ ಟೈಪಿಸ್ಟಾಗಿದ್ದು ನಿವೃತ್ತರಾದವರು; ಮಂಡಿ ನೋವು; ಕೂಟದಲ್ಲಿ ಮಾತು ಕಡಿಮೆ. ಯಾವ ಪುಸ್ತಕದ ಶಿಫಾರಸು ಮುಗಿದರೂ ಅವರದು ಒಂದೇ ಪ್ರಶ್ನೆ, ದಾರಿಯಲ್ಲಿ ಯಾರಾದರೂ ಹೆಂಗಸು ಸಿಗ್ತಾಳಾ? ಕೂಟಕ್ಕೆಲ್ಲ ಅದರ ಕಾರಣ ಗೊತ್ತಿತ್ತು. ನಲವತ್ತೊಂದು ವರ್ಷದ ಹಿಂದೆ ಅವರ ಅಕ್ಕ ಬೆನ್ನಿಗೊಂದು ಚೀಲ ಹಾಕಿಕೊಂಡು ಪ್ರಪಂಚ ನೋಡಿ ಬರುತ್ತೇನೆಂದು ಹೋದವಳು ಆರು ಕಾರ್ಡು ಬರೆದಳು, ಏಳನೆಯದು ಬರಲಿಲ್ಲ. ಪುಸ್ತಕ ನಿಜವಾದದ್ದಾದರೆ, ಬರೆದವನು ನಿಜವಾಗಿ ನಡೆದಿದ್ದರೆ, ಅವನಿಗೆ ಯಾವುದೋ ತಿರುವಿನಲ್ಲಿ ಅಕ್ಕ ಎದುರಾಗಿರಬಹುದು ಎಂದು ಅವರು ಓದುತ್ತಿದ್ದರು. ಆರನೆಯ ಕಾರ್ಡು ಬಂದದ್ದು ಇದೇ ಬೆಟ್ಟಸಾಲಿನ ಬುಡದಿಂದ. ಬೂದು ಪುಸ್ತಕದವನು ಅಲ್ಲಿ ನಡೆದದ್ದು ಅದರ ಮರುವರ್ಷ. ಎದ್ದು ನಿಂತವರು ಕೇಳಿದ್ದು ತಮ್ಮ ಯಾವತ್ತಿನ ಪ್ರಶ್ನೆಯನ್ನಲ್ಲ. ಬೂಟಿನ ಬಣ್ಣ ಹೇಳಿದ್ದಾನಾ ಎಂದು ಕೇಳಿದ್ದರು. ಇಲ್ಲ, ಬಣ್ಣ ಹೇಳಿಲ್ಲ ಎಂದು ಅವಳು ಪ್ರಾಮಾಣಿಕವಾಗಿ ಉತ್ತರಿಸಿದ್ದಳು.

ಪುಸ್ತಕ ಒಯ್ದರು. ಎರಡು ದಿನಕ್ಕೇ ಬೈಂಡಿಂಗ್ ಕೋಣೆಗೆ ಬಂದು, ಕೊನೇ ಪುಟಗಳೇ ಇಲ್ಲವಲ್ಲಮ್ಮ ಎಂದರು. ನಾನು ಓದುವಾಗ ಇತ್ತು, ಆಮೇಲೆ ಯಾರೋ ಹರಿದಿದ್ದಾರೆ ಎಂದು ಅವಳು ಹೇಳಿದಳು. ಮೇಷ್ಟ್ರು ಆ ಹೊತ್ತಿಗೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು. ಗ್ರಂಥಪಾಲಕರು ಊರೂರಿಗೆ ಬರೆದು ಇನ್ನೊಂದು ಪ್ರತಿ ತರಿಸುತ್ತೇನೆಂದರು. ಅದು ತಿಂಗಳುಗಟ್ಟಲೆ ಬರಲಿಲ್ಲ. ಬರುವುದಿಲ್ಲ ಎಂದೇ ಅವಳು ನಂಬಿದ್ದಳು. ಟೈಪಿಸ್ಟಮ್ಮ ಕಾಯುವುದನ್ನು ಬಿಟ್ಟರು. ಹೋದ ಶನಿವಾರ ಕೂಟ ಮುಗಿದ ಮೇಲೆ ಕಾರಿಡಾರಿನಲ್ಲಿ ಅವಳನ್ನು ನಿಲ್ಲಿಸಿ, ಪರ್ಸಿನಿಂದ ಎರಡು ಟಿಕೆಟ್ ತೆಗೆದು, ಒಂದನ್ನು ಅವಳ ಕೈಗೆ ಕೊಟ್ಟರು. ಬುಧವಾರ ಬೆಳಿಗ್ಗೆ ಏಳೂವರೆ. ಎರಡು ರೈಲು, ಒಂದು ಬಸ್ಸು, ಆಮೇಲೆ ಒಂದು ದಿನದ ನಡಿಗೆ. ಕಣಿವೆಯ ಬಾಯಿಯವರೆಗೆ. ನನ್ನ ಮಂಡಿ ನಂಬೋ ಹಾಗಿಲ್ಲ, ನೀನಿದ್ದರೆ ಹೋಗ್ತೀನಿ ಎಂದರು. ಪುಸ್ತಕ ಓದಿದವಳು ನೀನು, ದಾರಿ ನಿನಗೆ ಗೊತ್ತು ಎಂದರು.

ಅವಳು ಆ ಟಿಕೆಟ್ಟನ್ನು ಏಳು ದಿನದಿಂದ ಚೀಲದಲ್ಲಿಟ್ಟುಕೊಂಡು ಓಡಾಡುತ್ತಿದ್ದಳು. ಬಸ್ಸಿನಲ್ಲಿ ತೆಗೆದು ನೋಡುತ್ತಾಳೆ. ಬೋಗಿ, ಸೀಟು, ಕಿಟಕಿ. ಊಟದ ಡಬ್ಬಿ ತೆರೆಯುವಾಗ ನೋಡುತ್ತಾಳೆ. ಮನೆಯಲ್ಲಿ ಹೇಳಿದಾಗ ಅಮ್ಮ, ಬಸ್ಸಲ್ಲಿ ಕಿಟಕಿ ಪಕ್ಕ ಕೂತರೂ ವಾಂತಿ ಮಾಡ್ತೀಯ, ನೀನು ಬೆಟ್ಟ ಹತ್ತೋದಾ ಎಂದಳು. ಅಂದವಳು ರಾತ್ರಿ ಊಟಕ್ಕೂ ಮೊದಲೇ ಟ್ರಂಕಿನಿಂದ ಹಳೇ ಸ್ವೆಟರ್ ತೆಗೆದು ಮೊಣಕೈಯ ತೂತಿಗೆ ದಾರ ಹುಡುಕತೊಡಗಿದಳು. ಇಪ್ಪತ್ತಾರು ವರ್ಷ ಬೇರೆಯವರ ಕಾಲಿನಲ್ಲಿ ನಡೆದಿದ್ದಾಯಿತು. ಮರಳಿನಲ್ಲಿ, ಹಿಮದಲ್ಲಿ, ಹಾಯಿಹಡಗಿನ ಹಲಗೆಯ ಮೇಲೆ. ಈಗ ಅವಳದೇ ಪಾದ, ಅವಳದೇ ಬೊಕ್ಕೆ. ಬೊಕ್ಕೆಯನ್ನು ನೆನೆದರೆ ಬಾಯಲ್ಲಿ ನೀರೂರುವ ಹಾಗೆ ಆಗುತ್ತಿತ್ತು; ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ.

ಈಗ ಕೊನೆಯ ಫಾರಂ ಅವಳ ಮುಂದಿತ್ತು. ಪುಟದ ಕಾಲಬುಡದಲ್ಲಿ ಅಂಕಿ ಇತ್ತು, ಇರುವೆ. ಓದಿದಳು. ‘ಬೆಳಿಗ್ಗೆ ಕಣಿವೆಯ ಬಾಯಿಗೆ ಬಂದಾಗ ಕಂಡದ್ದೇನೆಂದರೆ’, ಎದುರಿನ ಪುಟದಲ್ಲಿ, ‘ಸೇತುವೆ ಇರಲಿಲ್ಲ.’ ನೀರು ಕೊಚ್ಚಿಕೊಂಡು ಹೋಗಿತ್ತಂತೆ. ಅವನು ಅರ್ಧ ದಿನ ಕಾದ. ಒಂದು ಲಾರಿ ಬಂತು. ಹತ್ತಿ ವಾಪಸು ಹೋದ. ಆಮೇಲೆ ನಾಲ್ಕು ಪುಟ ಯಾರಿಗೆಲ್ಲ ಆಭಾರಿ ಎಂದು, ಮೂರು ಪುಟ ಹೊತ್ತೊಯ್ದ ಸಾಮಾನಿನ ಪಟ್ಟಿ: ಕಾಲುಚೀಲ ಆರು ಜೊತೆ, ಸೂಜಿ ನಾಲ್ಕು, ಮೇಣದಬತ್ತಿ. ಅವಳು ಪಟ್ಟಿಯನ್ನೂ ಬಿಡದೆ ಓದಿದಳು, ಆ ಕಾಲುಚೀಲಗಳ ನಡುವೆ ಎಲ್ಲಾದರೂ ಒಬ್ಬ ಹೆಂಗಸು ಸಿಕ್ಕುವಳೇನೋ ಎಂಬಂತೆ. ಒಂದು ನಾಯಿ ಕೂಡ ಇರಲಿಲ್ಲ.

ಕತ್ತಿ ಕೈಯಲ್ಲೇ ಇತ್ತು. ಮಡಿಕೆಯ ನಡುವೆ ದಾರ ಮೂರು ಕಡೆ ಕಾಣುತ್ತಿತ್ತು. ಮೂರು ಸಲ ಮುಟ್ಟಿದರೆ ಸಾಕು, ಫಾರಂ ಉದುರುತ್ತದೆ. ಬೆನ್ನಿಗೆ ಒಂದು ಹನಿ ಗೋಂದು. ಅಯ್ಯೋ ಈ ಪ್ರತಿಯಲ್ಲೂ ಇಲ್ಲವಲ್ಲ ಎಂದು ಗ್ರಂಥಪಾಲಕರ ಜೊತೆ ತಾನೂ ಆಶ್ಚರ್ಯ ಪಡಬಹುದು. ಬುಧವಾರ ಕಿಟಕಿಯ ಪಕ್ಕ ಕೂತಿರಬಹುದು. ಅಲ್ಲಿ ಹೋದ ಮೇಲೆ ಏನು? ನಲವತ್ತು ವರ್ಷವಾಯಿತಲ್ಲ, ಆ ಹೆಂಗಸು ಇನ್ನೂ ಅಲ್ಲೇ ಇರುತ್ತಾಳೆಂದು ಯಾರು ಹೇಳಿದರು, ಇಲ್ಲದಿದ್ದರೆ ಅದರಲ್ಲಿ ತನ್ನ ತಪ್ಪೇನು? ಟೈಪಿಸ್ಟಮ್ಮ ಅತ್ತರೆ ಹಿಡಿದುಕೊಳ್ಳುತ್ತೇನೆ. ಅವರ ಚೀಲವನ್ನೂ ನಾನೇ ಹೊರುತ್ತೇನೆ. ಆ ಬೂಟಿನ ಬಣ್ಣ ಕೇಳಿದವರ ಮುಖ... ಎದುರಿನ ಮೇಜಿನಲ್ಲಿ ಮೇಷ್ಟ್ರು ಕೆರೆಯುತ್ತಿದ್ದ ನಿಘಂಟು ಹಳೆಯದು, ದಪ್ಪನೆಯದು. ಇಂಥದೇ ಒಂದು ನಿಘಂಟನ್ನು ಟೈಪಿಸ್ಟಮ್ಮ ಎದೆಗವಚಿಕೊಂಡು ಈ ಕೋಣೆಗೆ ತಂದದ್ದು ಎಷ್ಟು ವರ್ಷದ ಹಿಂದೆ? ಎರಡೋ, ಮೂರೋ. ಅವಳು ಅದರ ಹರಿದ ಹಾಳೆಗಳಿಗೆ ಪಟ್ಟಿ ಅಂಟಿಸುತ್ತಿದ್ದಳು. ಅವರು ಇದೇ ಸ್ಟೂಲಿನ ಮೇಲೆ ಕೂತು, ಕಾಯುವವರು ಮಾತಾಡುವ ಹಾಗೆ, ಯಾರಿಗೂ ಅಲ್ಲದ ಹಾಗೆ ಮಾತಾಡುತ್ತಿದ್ದರು. ನಿಘಂಟು ಅಕ್ಕನದು. ಹೋಗುವಾಗ ಭಾರ ಅಂತ ಬಿಟ್ಟುಹೋದಳು. ಅಪ್ಪನ ಬೂಟು ಮಾತ್ರ ಬಿಡಲಿಲ್ಲ, ಹಾಕ್ಕೊಂಡೇ ಹೋದಳು, ಎರಡು ಅಳತೆ ದೊಡ್ಡದು. ಲೇಸು ಸಿಗಲಿಲ್ಲ, ಸಣಬಿನ ಹುರಿ ಕಟ್ಟಿಕೊಂಡಳು, ನಾನೇ ಹುಡುಕಿಕೊಟ್ಟೆ.

ಕತ್ತಿಯನ್ನು ಮೇಜಿನ ಮೇಲಿಟ್ಟಳು. ಅಜ್ಜಿಯ ಹೆಂಗಸಿನ ಕಾಲಲ್ಲಿ ಏನೂ ಇರುವುದಿಲ್ಲ. ಅವಳು ಎಲ್ಲಿಗೂ ಹೋಗುವವಳಲ್ಲ, ಅವಳಿಗೇಕೆ ಬೂಟು. ಬೂಟು ಟೈಪಿಸ್ಟಮ್ಮನದೇ. ಅವರು ಹೇಳಿ ಮರೆತದ್ದನ್ನು ತಾನು ಕೇಳಿ ಮರೆತು, ಅವರ ಮನೆಯ ಸಾಮಾನನ್ನೇ ಅವರಿಗೆ ಸಾಕ್ಷಿಯೆಂದು ತೋರಿಸಿದ್ದಳು. ಅದನ್ನು ನಂಬಿ ಅವರು ಎದ್ದು ನಿಂತಿದ್ದರು.

“ಎಣಿಸಿದ್ಯಾ ಗೋಂದು?” ಎಂದರು ಮೇಷ್ಟ್ರು, ತಲೆ ಎತ್ತದೆ. ಅವಳ ಮುಂದಿರುವುದು ಯಾವ ಪುಸ್ತಕವೆಂದು ಕೂಡ ಅವರು ನೋಡಿರಲಿಲ್ಲ.

“ಇಲ್ಲ ಮೇಷ್ಟ್ರೇ,” ಎಂದಳು. “ಹೋದ ವರ್ಷ ಎಣಿಸಲಿಲ್ಲ.”

ಮೇಷ್ಟ್ರು ಕೆರೆಯುವುದನ್ನು ನಿಲ್ಲಿಸಿ ಅವಳ ಕಡೆ ನೋಡಿದರು. ಬೂದು ರಟ್ಟನ್ನು ನೋಡಿದರು. ಎದ್ದುಹೋಗಿ ಒಲೆ ಸಣ್ಣದು ಮಾಡಿದರು. ಪಾತ್ರೆಯಲ್ಲಿ ಗೋಂದು ಸೀಯುವ ವಾಸನೆ ಆಗಲೇ ಶುರುವಾಗಿತ್ತು.

ನಾಲ್ಕು ಗಂಟೆಗೆ ಓದುವ ಕೋಣೆಯಲ್ಲಿ ಎಂಟು ಜನ ಕೂತಿದ್ದರು. ಅವಳು ಎರಡೂ ಪ್ರತಿಗಳನ್ನು ಎದೆಗೆ ಹಿಡಿದುಕೊಂಡು ಒಳಗೆ ಬಂದಾಗ ಗಡಿಯಾರದವರು, ಓಹೋ ಜೋಡಿ ಬಂತು ಎಂದರು. ಟೈಪಿಸ್ಟಮ್ಮನ ಕಾಲಿಗೆ ಹೊಸ ಕ್ಯಾನ್ವಾಸ್ ಶೂ. ಅಭ್ಯಾಸ ಮಾಡಿಕೊಳ್ಳಲು ಮನೆಯಿಂದಲೇ ಹಾಕಿಕೊಂಡು ಬಂದಿದ್ದರು. ಹಿಮ್ಮಡಿಯ ಹತ್ತಿರ ಕರವಸ್ತ್ರವನ್ನು ಮಡಚಿ ತುರುಕಿದ್ದರು. ಅದನ್ನು ನೋಡಿದ ಮೇಲೆ ಕೂರುವುದಕ್ಕಾಗಲಿಲ್ಲ. ನಿಂತೇ ಹೇಳಿದಳು. ಅಂಗೈಯನ್ನು ರಟ್ಟಿನ ಮೇಲೆ ಇಡಲಿಲ್ಲ. ಫಾರಮಿನ ವಿಷಯ, ರದ್ದಿಯ ವಿಷಯ, ಯಾರೋ ಹರಿದರೆಂದು ಹೇಳಿದ ವಿಷಯ, ಅಜ್ಜಿಯ ವಿಷಯ. ಹೇಳುತ್ತಾ ಹೋದಂತೆ ಅದು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ಇಷ್ಟಕ್ಕೇ ಇಷ್ಟು ದಿನ ಉಸಿರು ಕಟ್ಟಿಕೊಂಡಿದ್ದೆನೇ ಅನ್ನಿಸಿತು. ಗಡಿಯಾರದವರು ಕೈಗಡಿಯಾರವನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ಹಿಂದಿನ ಸಾಲಿನಲ್ಲಿ ಯಾರೋ, ಅಲ್ಲ, ಹಾಗಾದರೆ ಇವಳು ಹೇಳಿದ ಮಿಕ್ಕ ಪುಸ್ತಕಗಳ ಕಥೆ ಏನು ಎಂದು ಪಿಸುಗುಟ್ಟಿದರು. ಅವಳು ಅದಕ್ಕೂ ಉತ್ತರ ಕೊಡಬೇಕೆಂದಿದ್ದಳು. ಅಷ್ಟರಲ್ಲಿ ಟೈಪಿಸ್ಟಮ್ಮ ಕೈ ಚಾಚಿದರು. ದಪ್ಪ ಪ್ರತಿಯನ್ನು ಕೊಟ್ಟಳು. ಅವರು ಕೊನೆಯ ಪುಟಗಳನ್ನು ತಮ್ಮ ವೇಗದಲ್ಲಿ, ಟೈಪು ಮಾಡಿದ ಕಾಗದವನ್ನು ಮೂಲದ ಜೊತೆ ತಾಳೆ ನೋಡುವವರಂತೆ ಸಾಲಿನ ಕೆಳಗೆ ಬೆರಳು ಎಳೆಯುತ್ತಾ ಓದಿದರು. ಕಾಲುಚೀಲದ ಪಟ್ಟಿಯವರೆಗೆ ಓದಿದರು.

“ಬೂಟು?” ಎಂದರು.

“ನಿಮ್ಮದೇ. ನಿಘಂಟು ರಿಪೇರಿಗೆ ತಂದಾಗ ನೀವೇ ಹೇಳಿದ್ದಿರಿ. ನನಗೆ ಮರೆತಿತ್ತು.”

“ಹುರಿ ವಿಷಯಾನೂ ಹೇಳಿದ್ನಾ?”

“ನೀವೇ ಹುಡುಕಿಕೊಟ್ಟಿದ್ದು ಅಂದಿರಿ.”

ಅವರು ಸ್ವಲ್ಪ ಹೊತ್ತು ತಮ್ಮ ಹೊಸ ಶೂಗಳ ಕಡೆ ನೋಡಿದರು. ಆಮೇಲೆ, ಕೂಟದ ನಿಯಮದಂತೆ ಪುಸ್ತಕವನ್ನು ಮೇಜಿನ ನಡುವೆ ಇಟ್ಟು, ಎಲ್ಲರಿಗೂ ಕೇಳುವ ಹಾಗೆ, ನನ್ನನ್ನು ಸೇತುವೆಯ ಈಚೆ ಬಿಟ್ಟಿತು ಎಂದರು. ಆ ಶನಿವಾರ ಬೇರೆ ಯಾವ ಪುಸ್ತಕದ ಶಿಫಾರಸೂ ಆಗಲಿಲ್ಲ.

ಕಾರಿಡಾರಿನಲ್ಲಿ ಅವಳು ಟಿಕೆಟ್ಟನ್ನು ಆಗಲೇ ಚೀಲದಿಂದ ತೆಗೆದು ಹಿಡಿದುಕೊಂಡಿದ್ದಳು. ಏಳು ದಿನದಲ್ಲಿ ಅದರ ಮಡಿಕೆ ಬಟ್ಟೆಯಷ್ಟು ಮೆತ್ತಗಾಗಿತ್ತು. ಟೈಪಿಸ್ಟಮ್ಮ ತೆಗೆದುಕೊಂಡರು. ವಾಪಸು ಮಾಡಿಬಿಡಿ, ಇನ್ನೂ ಹೊತ್ತಿದೆ ಎಂದು ಅವಳು ಹೇಳಲು ಹೋದಳು.

“ನಾನು ಹೋಗ್ತೀನಮ್ಮ,” ಎಂದರು ಅವರು. “ಪುಸ್ತಕದಲ್ಲಿ ಇಲ್ಲ ಅಂದ ಮಾತ್ರಕ್ಕೆ ಕಣಿವೆಯಲ್ಲಿ ಇಲ್ಲ ಅಂತ ಅಲ್ಲವಲ್ಲ. ಕಾರ್ಡಂತೂ ಅಲ್ಲಿಂದಲೇ ಬಂತು.”

ಅವಳ ಎದೆಯಲ್ಲಿ ಏನೋ ಒಂದು ಎದ್ದು ನಿಂತಿತು. ನಾಚಿಕೆಯಿಲ್ಲದ ಆಸೆ. “ಹಾಗಾದರೆ ನಾನೂ... ನಿಮ್ಮ ಮಂಡಿ...”

“ಬೇಡ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. “ನೀನು ಬಂದರೆ ದಾರಿ ಉದ್ದಕ್ಕೂ ನನಗೆ ಬೇಕಾದ್ದನ್ನೇ ಹೇಳ್ತೀಯ. ನಾನೂ ಕೇಳ್ತೀನಿ. ಆಮೇಲೆ ನಿಜವಾಗಿ ಅವಳೇ ಸಿಕ್ಕಿದರೂ ನನಗೆ ಗೊತ್ತಾಗಲ್ಲ.” ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಂಡು ಒಂದು ಕ್ಷಣ ನಿಂತರು. “ಆ ಸೀಟಿನ ಮೇಲೆ ಚೀಲ ಇಟ್ಕೊಳ್ತೀನಿ ಬಿಡು,” ಎಂದರು.

ಬುಧವಾರ ಬೆಳಿಗ್ಗೆ ಅವಳು ಸ್ಟೇಷನ್ನಿಗೆ ಯಾಕೆ ಹೋದಳೋ. ಅಮ್ಮನಿಗೆ ವಿಷಯ ಹೇಳಿಯಾಗಿತ್ತು; ಅಮ್ಮ ಮೊಣಕೈ ಹೊಲಿದ ಸ್ವೆಟರನ್ನು ಮಡಚಿ ಟ್ರಂಕಿನ ಮೇಲಿಟ್ಟಿದ್ದಳು, ಒಳಗಿಡಲಿಲ್ಲ. ಆ ಸ್ವೆಟರನ್ನೂ, ಒಂದು ನೀರಿನ ಬಾಟಲಿಯನ್ನೂ ಹಿಡಿದುಕೊಂಡು ಹೊರಟಳು. ಪ್ಲಾಟ್‌ಫಾರಮಿನಲ್ಲಿ ಪೊರಕೆ ಎಳೆದ ಗೆರೆಗಳು ಇನ್ನೂ ಹಸಿಯಾಗಿದ್ದವು. ಬೋಗಿಯ ನಂಬರು ಬಾಯಿಪಾಠವಾಗಿತ್ತು, ಹುಡುಕಬೇಕಾಗಲಿಲ್ಲ. ಟೈಪಿಸ್ಟಮ್ಮ ಕಿಟಕಿಯ ಪಕ್ಕ ಕೂತಿದ್ದರು, ಎದುರು ಸೀಟಿನಲ್ಲಿ ಚೀಲ. ಅವಳನ್ನು ನೋಡಿ ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಸ್ವೆಟರನ್ನು ಕಿಟಕಿಯ ಸರಳಿನ ಸಂದಿಯಿಂದ ತುರುಕಿದಳು. ಅದು ಮೊಣಕೈಯ ಹತ್ತಿರ ಸಿಕ್ಕಿಕೊಂಡು, ಅವಳು ತಳ್ಳಿ ಅವರು ಎಳೆದ ಮೇಲೆ ಒಳಗೆ ಹೋಯಿತು. ಅಲ್ಲಿ ಗಾಳಿ ಜಾಸ್ತಿ, ಏಳನೇ ಅಧ್ಯಾಯದಲ್ಲಿದೆ ಎಂದಳು. ಹೇಳಿದ ಮೇಲೆ, ಅದು ಪುಸ್ತಕದಲ್ಲಿ ಇದ್ದದ್ದೇ ಎಂದು ಸೇರಿಸಿದಳು. ಟೈಪಿಸ್ಟಮ್ಮನ ಬಾಯಿಯ ಒಂದು ತುದಿ ಅಲುಗಿತು. ಬಸ್ಸಿಳಿದ ಮೇಲೆ ಎಡಗಡೆಯ ದಾರಿ ಹಿಡಿಯಬೇಕು, ಬಲಗಡೆಯದು ಅಗಲವಾಗಿದೆ, ಆದರೆ ಅದು ಗಣಿಗೆ ಹೋಗುತ್ತದೆ, ಅವನು ಒಂದು ದಿನ ದಂಡ ಮಾಡಿಕೊಂಡ ಎಂದು ಹೇಳಿದಳು. ಎಡಗಡೆ ಎಂದು ಅವರು ಪುನಃ ಹೇಳಿಕೊಂಡರು. ಎಡಗಡೆ ಎಂದು ಅವಳು ಕೈ ತೋರಿಸಿದಳು, ಯಾವ ಕಣಿವೆಯೂ ಇಲ್ಲದ ಕಡೆ, ಸಿಗ್ನಲ್ ಕಂಬದ ಕಡೆ.

ಬಾಟಲಿ ಸರಳಿನ ನಡುವೆ ಹೋಗಲಿಲ್ಲ. ಮುಚ್ಚಳ ತೆಗೆದು ಎತ್ತಿ ಹಿಡಿದಳು. ಟೈಪಿಸ್ಟಮ್ಮ ಒಂದು ಕ್ಷಣ ಅವಳ ಕೈಯನ್ನು ನೋಡಿದರು, ಕೈಯ ಗೋಂದನ್ನು ನೋಡಿದರು. ಆಮೇಲೆ ಕಿಟಕಿಗೆ ಬಾಗಿ ಬೊಗಸೆ ಒಡ್ಡಿದರು. ಅವಳು ಹೊಯ್ದಳು. ಅವರು ಕುಡಿದರು, ಇನ್ನೊಮ್ಮೆ ಒಡ್ಡಿದರು, ಕುಡಿದರು. ನೀರು ಮೊಣಕೈವರೆಗೆ ಇಳಿದು ಸ್ವೆಟರಿನ ಮೇಲೆ ತೊಟ್ಟಿಕ್ಕಿತು. ಮೂರನೆಯ ಸಲ ಹೊಯ್ಯುವಾಗ ರೈಲು ಅಲುಗಿತು. ಬಾಟಲಿ ಎತ್ತಿ ಹಿಡಿದುಕೊಂಡೇ ಅವಳು ನಾಲ್ಕು ಹೆಜ್ಜೆ ಜೊತೆಗೆ ನಡೆದಳು, ಐದು ಹೆಜ್ಜೆ, ಆರು. ಆಮೇಲೆ ನಡೆಯುವುದು ಓಡುವುದಾಗಬೇಕಿತ್ತು.

ನಿಂತಳು. ಎಷ್ಟೋ ಕಿಟಕಿಗಳು ಅವಳ ಮುಂದೆ ಹಾದುಹೋದವು, ಎಷ್ಟೋ ಮುಖಗಳು. ಅವರೆಲ್ಲರೂ ಒಂದು ಗಳಿಗೆ ಪ್ಲಾಟ್‌ಫಾರಮಿನಲ್ಲಿ ನೀರು ಹಿಡಿದು ನಿಂತ ಹೆಂಗಸೊಬ್ಬಳನ್ನು ನೋಡಿ ಮುಂದಕ್ಕೆ ಹೋದರು.